ಕೇಳದೆ ಉಳಿದವರ ಪಾಲು

ನಿಮ್ಮ ಬೀದಿಯ ಅಂಚನ್ನು ಅಗೆದು, ಕಿತ್ತಳೆ ಬಣ್ಣದ ಕೊಳವೆಯೊಂದನ್ನು ಹೂತು, ಮಣ್ಣನ್ನು ಅರೆಬರೆ ಮುಚ್ಚಿ ಹೋದವರನ್ನು ನೀವು ಕಂಡಿರಬಹುದು. ಇಲ್ಲವೇ ವಿದ್ಯುತ್ ಕಂಬದಿಂದ ಕಂಬಕ್ಕೆ, ಕಂಬವಿಲ್ಲದಲ್ಲಿ ತೆಂಗಿನ ಮರದಿಂದ ಅಡಿಕೆ ಮರಕ್ಕೆ ಕಪ್ಪು ತಂತಿಯೊಂದನ್ನು ಎಳೆದು, ಉಳಿದುದನ್ನು ಸುರುಳಿ ಸುತ್ತಿ ಅಲ್ಲಿಯೇ ತೂಗಹಾಕಿ ಹೋದವರನ್ನಾದರೂ ಕಂಡಿರುತ್ತೀರಿ. ‘ನಮ್ಮಲ್ಲಿಗೂ ಫೈಬರ್ ಬಂತು’ ಎಂದು ಜನ ಸಂತೋಷದಿಂದ ಹೇಳಿಕೊಳ್ಳುತ್ತಾರೆ. ಆ ‘ನಮ್ಮಲ್ಲಿ’ ಎಂಬ ಮಾತಿನೊಳಗೆ ಯಾರು ಯಾರು ಸೇರಿದ್ದಾರೆ? ತಂತಿಯು ಯಾರ ಮನೆಯೊಳಗೆ ಹೊಕ್ಕಿತು, ಯಾರ ಮನೆಯ ಮುಂದಿನಿಂದ ಹಾದುಹೋಯಿತು, ಯಾರ ಮನೆಯ ಕಡೆಗೆ ತಿರುಗಲೇ ಇಲ್ಲ? ಇದೆಲ್ಲವೂ ಇಂಜಿನಿಯರುಗಳಿಗೆ ಸೇರಿದ ವಿಷಯವೆಂದು ನಾನು ಬಹುಕಾಲ ನಂಬಿದ್ದೆ. ನನ್ನದೇ ಒಂದು ನಡತೆ ಆ ನಂಬಿಕೆಯನ್ನು ಕದಡಿತು. ಅದನ್ನು ಮೊದಲು ನಿಮ್ಮ ಮುಂದೆ ಹೇಳಿಬಿಡುವುದು ಒಳ್ಳೆಯದು.

ಮಂಗಳೂರಿನ ಹೊರವಲಯದ ಒಂದು ಗುಡ್ಡದ ಇಳಿಜಾರಿನಲ್ಲಿ ನನ್ನ ಮನೆಯಿದೆ. ರಸ್ತೆಗೆ ತಾಗಿ ನಾವು ಎಂಟು ಮನೆಯವರು. ರಸ್ತೆಯಿಂದ ಮೂವತ್ತೆರಡು ಮೆಟ್ಟಿಲು ಇಳಿದರೆ ಕೆಳಗೆ ಇನ್ನೂ ಮೂರು ಮನೆಗಳು. 2022ರ ಮಳೆಗಾಲ ಮುಗಿದ ಹೊಸತರಲ್ಲಿ ಇಂಟರ್‌ನೆಟ್ ಕಂಪನಿಯೊಂದರ ಪರವಾಗಿ ಒಬ್ಬ ಯುವಕ ಬಂದ. “ಇಷ್ಟು ದೂರ ತಂತಿ ಎಳೆಯಬೇಕಾದರೆ ಎಂಟು ಮನೆಯವರಾದರೂ ಬೇಕು ಮಾಷ್ಟ್ರೇ. ಒಂದು ಪೆಟ್ಟಿಗೆಗೆ ಎಂಟು ಕನೆಕ್ಷನ್. ಹೆಸರು ಕೂಡಿಸಿಕೊಟ್ಟರೆ ಮುಂದಿನ ವಾರವೇ ಕೆಲಸ ಶುರು” ಎಂದ. ನಿವೃತ್ತ ಶಿಕ್ಷಕನಿಗೆ ಪಟ್ಟಿ ಮಾಡುವುದೆಂದರೆ ಹಳೆಯ ಉತ್ಸಾಹ. ಎರಡು ಸಂಜೆಗಳಲ್ಲಿ ಎಂಟು ಸಹಿಗಳು ಬಂದವು. ಪಟ್ಟಿಯನ್ನು ತೆಗೆದುಕೊಳ್ಳುವಾಗ ಆತ ಮೆಟ್ಟಿಲಿನ ಕಡೆ ನೋಡಿ, “ಕೆಳಗೂ ಮನೆ ಉಂಟಲ್ಲ?” ಎಂದು ಕೇಳಿದ. “ಅವರಿಗೆ ಬೇಕಾಗಲಿಕ್ಕಿಲ್ಲ” ಎಂದು ನಾನು ಉತ್ತರಿಸಿದೆ.

ನಾನು ಅವರನ್ನು ಕೇಳಿರಲಿಲ್ಲ.

ಕೆಳಗಿನ ಒಂದು ಮನೆಯಲ್ಲಿ ವಯಸ್ಸಾದ ಒಬ್ಬ ವಿಧವೆ. ಇನ್ನೊಂದರಲ್ಲಿ ಹೊಲಿಗೆ ಕೆಲಸ ಮಾಡುವವರ ಸಂಸಾರ. ಮೂರನೆಯದರಲ್ಲಿ ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ಬಾಡಿಗೆಗೆ ಇರುವವರು. ಮರುವರ್ಷ ಹೊಲಿಗೆಯವರ ಮಗಳು ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು, ಕಾಲೇಜಿನ ಪ್ರವೇಶದ ಅರ್ಜಿ ತುಂಬಲು ಸ್ವಲ್ಪ ಹೊತ್ತು ವೈಫೈ ಕೊಡಬಹುದೇ ಎಂದು ಸಂಕೋಚದಿಂದ ಕೇಳಿದಳು. ಕೆಳಗೆ ಮೊಬೈಲಿಗೆ ಸಿಗ್ನಲ್ ನಿಲ್ಲುವುದಿಲ್ಲವಂತೆ. ಹಿಂದಿನ ರಾತ್ರಿ ಅರ್ಜಿ ಮೂರು ಬಾರಿ ಅರ್ಧಕ್ಕೆ ಕಡಿದುಹೋಗಿತ್ತು. ಕೆಲಸ ಮುಗಿಸಿ ಎದ್ದು ಹೋಗುವಾಗ, ಆಕ್ಷೇಪದ ದನಿಯೇ ಇಲ್ಲದೆ, “ಪೆಟ್ಟಿಗೆ ಹಾಕುವಾಗ ನಮ್ಮನ್ನೂ ಒಂದು ಮಾತು ಕೇಳಬಹುದಿತ್ತಲ್ಲ ಮಾಷ್ಟ್ರೇ” ಎಂದಳು. ಆ ಮಾತಿಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ನಾನು ಓದಿದ್ದನ್ನೂ ಯೋಚಿಸಿದ್ದನ್ನೂ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ, ಕಂಪನಿಯ ಆ ಯುವಕನ ಲೆಕ್ಕವನ್ನು ಅರ್ಥ ಮಾಡಿಕೊಳ್ಳೋಣ. ಗಾಜಿನ ಎಳೆಯ ಮೂಲಕ ಬೆಳಕನ್ನು ಹಾಯಿಸಿ ಬಹುದೂರಕ್ಕೆ ಸಂದೇಶ ಕಳುಹಿಸಲು ಸಾಧ್ಯವೆಂದು ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ 1966ರಲ್ಲಿ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಇಂದು ತಲೆಗೂದಲಿನಷ್ಟು ಸಪೂರವಾದ ಆ ಎಳೆ ಅಷ್ಟೇನೂ ದುಬಾರಿಯಲ್ಲ. ಖರ್ಚಿನ ದೊಡ್ಡ ಪಾಲು ಹೋಗುವುದು ಮಣ್ಣಿಗೆ. ರಸ್ತೆ ಅಗೆಯಲು ನಗರಾಡಳಿತದ ಅನುಮತಿ ಬೇಕು. ಆ ರಸ್ತೆ ಲೋಕೋಪಯೋಗಿ ಇಲಾಖೆಗೋ ಹೆದ್ದಾರಿಗೋ ಸೇರಿದ್ದರೆ ಅಲ್ಲಿಯೂ ಅನುಮತಿ, ಅಲ್ಲಿಯೂ ಶುಲ್ಕ. ರೈಲು ಹಳಿ ದಾಟಬೇಕಾದರೆ ಅದೇ ಒಂದು ಅಧ್ಯಾಯ. ನೆಲದೊಳಗೆ ನೀರಿನ ಕೊಳವೆ ಎಲ್ಲಿದೆ, ಒಳಚರಂಡಿ ಎಲ್ಲಿದೆ, ಬೇರೆ ಕಂಪನಿಯ ತಂತಿ ಎಲ್ಲಿದೆ ಎಂಬ ನಕ್ಷೆ ಬಹಳಷ್ಟು ಕಡೆ ಇಲ್ಲ. ಹೀಗೆ ಗೊತ್ತಿಲ್ಲದೆ ಅಗೆಯುವುದರಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಫೈಬರ್ ಕಡಿದುಹೋಗುತ್ತದೆ, ಅದರಿಂದಾಗುವ ನಷ್ಟ ಸುಮಾರು 3,000 ಕೋಟಿ ರೂಪಾಯಿ ಎಂದು ಕೇಂದ್ರ ಸರಕಾರವೇ ಹೇಳಿದೆ. ಅಗೆಯುವ ಮುನ್ನ ತಿಳಿಸಬೇಕೆಂಬ ವ್ಯವಸ್ಥೆಯೊಂದನ್ನು 2023ರ ಮಾರ್ಚ್‌ನಲ್ಲಿ ಜಾರಿಗೆ ತಂದದ್ದೂ ಇದೇ ಕಾರಣಕ್ಕೆ. ನಮ್ಮ ಕರಾವಳಿಯಲ್ಲಂತೂ ಒಂದೆರಡು ಅಡಿ ಕೆಳಗೆ ಹೋದರೆ ಮುರಕಲ್ಲು. ಮೇಲಿನಿಂದ ನಾಲ್ಕು ತಿಂಗಳ ಮಳೆ.

ಆಳಕ್ಕೆ ಅಗೆಯುವ ಖರ್ಚನ್ನು ಉಳಿಸಹೊರಟವರ ಕಥೆಯೂ ಒಂದುಂಟು. ಅಮೆರಿಕದ ಲೂಯಿವಿಲ್ ನಗರದಲ್ಲಿ ಗೂಗಲ್ ಫೈಬರ್ ಸಂಸ್ಥೆ 2017ರಲ್ಲಿ ಡಾಂಬರಿನಲ್ಲಿ ಕೇವಲ ಎರಡು ಅಂಗುಲದಷ್ಟು ಸೀಳು ಕೊರೆದು ಅದರೊಳಗೆ ತಂತಿಯಿಟ್ಟು ಮೇಲೆ ಅಂಟು ಮೆತ್ತಿತು. ಅಂಟು ಎದ್ದಿತು, ತಂತಿ ಬಯಲಾಯಿತು. 2019ರ ಏಪ್ರಿಲ್‌ನಲ್ಲಿ ಸಂಸ್ಥೆ ಆ ನಗರದ ಸೇವೆಯನ್ನೇ ನಿಲ್ಲಿಸಿ, ಬೀದಿಗಳನ್ನು ಸರಿಪಡಿಸಲು 38 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ನಗರಕ್ಕೆ ತೆತ್ತಿತು. ಮಣ್ಣಿನ ಲೆಕ್ಕವನ್ನು ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಇನ್ನೊಂದು ಮಾತು. ಮನೆಗಳಿಗೆ ಫೈಬರ್ ಕೊಡುವ ಪದ್ಧತಿಯಲ್ಲಿ ಕೇಂದ್ರದಿಂದ ಹೊರಟ ಒಂದೇ ಎಳೆಯ ಬೆಳಕನ್ನು ಬೀದಿಯಲ್ಲಿ ಒಡೆದು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಬೀದಿಯವರೆಗೆ ಬರುವ ಖರ್ಚು ಒಬ್ಬ ಸೇರಿದರೂ ಅಷ್ಟೇ, ಅರುವತ್ತು ಮಂದಿ ಸೇರಿದರೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ನನ್ನ ಮನೆಗೆ ಈ ಸೌಲಭ್ಯ ಬರುವುದು ನನ್ನ ಜೇಬನ್ನು ಮಾತ್ರ ಅವಲಂಬಿಸಿಲ್ಲ. ನನ್ನ ನೆರೆಯವನ ಮನಸ್ಸನ್ನೂ ಜೇಬನ್ನೂ ಅವಲಂಬಿಸಿದೆ. ಶ್ರೀಮಂತನು ಬಡವರ ಬೀದಿಯಲ್ಲಿ ಒಂಟಿಯಾಗಿದ್ದರೆ ಅವನಿಗೂ ಸಿಗದು. ಬಡವನು ಶ್ರೀಮಂತರ ಬೀದಿಯಲ್ಲಿದ್ದರೆ ತಂತಿ ಅವನ ಬಾಗಿಲಿಗೂ ಬರುತ್ತದೆ. ಅಕ್ಕಿಯನ್ನೋ ಬಟ್ಟೆಯನ್ನೋ ನಾವು ಕೊಳ್ಳುವುದು ಹೀಗಲ್ಲ. ಇದು ಬಾವಿಗೆ, ಹಾದಿಗೆ, ಸೇತುವೆಗೆ ಹತ್ತಿರವಾದ ವಸ್ತು.

ಹೀಗಿರುವಾಗ ಯಾವ ಬೀದಿಗೆ ಮೊದಲು, ಯಾವುದಕ್ಕೆ ಆಮೇಲೆ, ಯಾವುದಕ್ಕೆ ಎಂದಿಗೂ ಇಲ್ಲ ಎಂಬುದನ್ನು ಯಾರು, ಹೇಗೆ ತೀರ್ಮಾನಿಸಬೇಕು? ಈ ಪ್ರಶ್ನೆಯನ್ನು ಇಡೀ ನಗರದ ಮುಂದೆ ಬಹಿರಂಗವಾಗಿ ಇಟ್ಟ ಸಂದರ್ಭವೊಂದು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ನಡೆದಿದೆ. ನನ್ನ ಎಂಟು ಸಹಿಗಳ ಪಟ್ಟಿಯನ್ನೇ ಭೂತಗನ್ನಡಿಯಲ್ಲಿ ನೋಡಿದಂತೆ ಅದು ನನಗೆ ಕಂಡಿತು.

2010ರಲ್ಲಿ ಗೂಗಲ್ ಸಂಸ್ಥೆ, ಯಾವುದಾದರೂ ಊರಿನಲ್ಲಿ ಮನೆಮನೆಗೂ ಅತಿವೇಗದ ಫೈಬರ್ ಹಾಕಿ ತೋರಿಸುವುದಾಗಿ ಪ್ರಕಟಿಸಿ, ಆಸಕ್ತಿಯುಳ್ಳ ಊರುಗಳು ಅರ್ಜಿ ಹಾಕಬಹುದೆಂದಿತು. ಸುಮಾರು 1,100 ಊರುಗಳು ಮುಗಿಬಿದ್ದವು. ಕ್ಯಾನ್ಸಸ್ ರಾಜ್ಯದ ರಾಜಧಾನಿಯಾದ ಟೊಪೀಕಾ ಆ ವರ್ಷದ ಮಾರ್ಚ್ ತಿಂಗಳಿಡೀ ತನ್ನ ಹೆಸರನ್ನೇ ‘ಗೂಗಲ್’ ಎಂದು ಬದಲಿಸಿಕೊಂಡಿತ್ತು. (ಒಂದು ನಗರ ಹೀಗೆ ಸ್ವಂತ ಹೆಸರನ್ನು ಅಡವಿಡುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು.) ಕೊನೆಗೆ 2011ರಲ್ಲಿ ಆಯ್ಕೆಯಾದದ್ದು ಕ್ಯಾನ್ಸಸ್ ಸಿಟಿ, ಒಂದೇ ಹೆಸರಿನಲ್ಲಿ, ಎರಡು ರಾಜ್ಯಗಳಲ್ಲಿ ಹರಡಿಕೊಂಡಿರುವ ಜೋಡಿ ನಗರಗಳು.

ಮುಂದಿನ ವರ್ಷ ಜುಲೈಯಲ್ಲಿ ಸಂಸ್ಥೆ ನಗರವನ್ನು 202 ನೆರೆಹೊರೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ‘ಫೈಬರ್‌ಹುಡ್’ ಎಂದು ಹೆಸರಿಟ್ಟಿತು. ಪ್ರತಿಯೊಂದು ನೆರೆಹೊರೆಗೂ ಒಂದು ಗುರಿ: ಅಲ್ಲಿನ ಮನೆಗಳಲ್ಲಿ ನೂರಕ್ಕೆ 5ರಿಂದ 25ರಷ್ಟು ಜನ ತಲಾ 10 ಡಾಲರ್ ಕಟ್ಟಿ ಮುಂಗಡ ನೋಂದಣಿ ಮಾಡಬೇಕು. ಮನೆಗಳು ಒತ್ತಾಗಿದ್ದಲ್ಲಿ ಗುರಿ ಕಡಿಮೆ, ದೂರದೂರ ಇದ್ದಲ್ಲಿ ಹೆಚ್ಚು. ಕೊನೆಯ ದಿನ ಸೆಪ್ಟೆಂಬರ್ 9. ಅಷ್ಟರೊಳಗೆ ಗುರಿ ಮುಟ್ಟಿದ ನೆರೆಹೊರೆಗೆ ಮಾತ್ರ ತಂತಿ. ಅಲ್ಲಿನ ಶಾಲೆಗೂ ಗ್ರಂಥಾಲಯಕ್ಕೂ ಉಚಿತ ಸಂಪರ್ಕ. ಮುಟ್ಟದಿದ್ದರೆ ಮನೆಗೂ ಇಲ್ಲ, ಶಾಲೆಗೂ ಇಲ್ಲ. ಅತಿವೇಗದ ಸಂಪರ್ಕಕ್ಕೆ ತಿಂಗಳಿಗೆ 70 ಡಾಲರ್. ಸಾಧಾರಣ ವೇಗ ಸಾಕೆನ್ನುವವರಿಗೆ 300 ಡಾಲರ್ ಅಳವಡಿಕೆಯ ವೆಚ್ಚ ಕೊಟ್ಟರೆ ಕನಿಷ್ಠ ಏಳು ವರ್ಷ ಉಚಿತ. ಮೇಲ್ನೋಟಕ್ಕೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲ. ಜಾತಿ, ಬಣ್ಣ, ಶಿಫಾರಸು ಯಾವುದನ್ನೂ ನೋಡುವಂತಿಲ್ಲ, ಕೈಯೆತ್ತಿದವರಿಗೆ ಸಿಗುತ್ತದೆ.

ಆಗಸ್ಟ್ ಕಳೆಯುತ್ತಿದ್ದಂತೆ ನಗರದ ನಕ್ಷೆಯ ಮೇಲೆ ಗುರಿ ಮುಟ್ಟಿದ ನೆರೆಹೊರೆಗಳ ಬಣ್ಣ ಬದಲಾಗತೊಡಗಿತು. ಆಗ ಆ ನಕ್ಷೆಯಲ್ಲಿ ಎದ್ದು ಕಂಡದ್ದು ಊರಿನವರಿಗೆ ಹೊಸದಲ್ಲದ ಒಂದು ಗೆರೆ. ಟ್ರೂಸ್ಟ್ ಅವೆನ್ಯೂ ಎಂಬ ಉತ್ತರ ದಕ್ಷಿಣ ರಸ್ತೆಯದು. ಇಪ್ಪತ್ತನೆಯ ಶತಮಾನದ ಬಹುಭಾಗ ಕರಿಯರಿಗೆ ಮನೆ ಮಾರಬಾರದೆಂಬ ಕರಾರುಗಳು, ಅವರ ಬಡಾವಣೆಗಳಿಗೆ ಸಾಲ ಕೊಡದ ಬ್ಯಾಂಕುಗಳು, ಶಾಲಾ ವಲಯಗಳ ಗಡಿಗಳು ಸೇರಿ ಆ ರಸ್ತೆಯನ್ನು ಗೋಡೆಯಾಗಿಸಿದ್ದವು. ಗೆರೆಯ ಪಶ್ಚಿಮದ ನೆರೆಹೊರೆಗಳು ಬೇಗನೆ ಗುರಿ ಮುಟ್ಟಿದವು. ಪೂರ್ವದ ಬಡ ನೆರೆಹೊರೆಗಳು, ಬಹುಪಾಲು ಕರಿಯರವು, ಹಿಂದೆ ಬಿದ್ದವು. ಯಾರೂ ಹೊಸದಾಗಿ ಪಕ್ಷಪಾತ ಮಾಡಿರಲಿಲ್ಲ. ಹಳೆಯ ಪಕ್ಷಪಾತವು ತಾನಾಗಿ ಹೊಸ ನಕ್ಷೆಗೆ ಇಳಿದುಬಂದಿತ್ತು.

ಪೂರ್ವದವರು ಏಕೆ ಕೈಯೆತ್ತಲಿಲ್ಲ? ಈ ಪ್ರಶ್ನೆಯ ಮೇಲೆ ಸ್ವಲ್ಪ ನಿಲ್ಲೋಣ, ಏಕೆಂದರೆ ‘ಅವರಿಗೆ ಬೇಕಾಗಲಿಕ್ಕಿಲ್ಲ’ ಎಂಬ ನನ್ನ ಮಾತಿನ ನಿಜಾಂಶ ತಿಳಿಯುವುದು ಇಲ್ಲಿ. ನೋಂದಣಿ ನಡೆಯುತ್ತಿದ್ದುದು ಇಂಟರ್‌ನೆಟ್‌ನಲ್ಲಿ. ಅಂದರೆ ಇಂಟರ್‌ನೆಟ್ ಬೇಕೆಂದು ಕೇಳಲು ಮೊದಲೇ ಇಂಟರ್‌ನೆಟ್ ಇರಬೇಕಾಗಿತ್ತು! ಹತ್ತು ಡಾಲರ್ ದೊಡ್ಡ ಮೊತ್ತವಲ್ಲವಾದರೂ ಅದನ್ನು ಬ್ಯಾಂಕ್ ಕಾರ್ಡಿನ ಮೂಲಕವೇ ಕಟ್ಟಬೇಕಿತ್ತು. ಬಡವರಲ್ಲಿ ಅನೇಕರಿಗೆ ಬ್ಯಾಂಕಿನ ಖಾತೆಯೇ ಇರಲಿಲ್ಲ. ಹಲವರು ಬಾಡಿಗೆದಾರರು. ಇಂದಿದ್ದು ನಾಳೆ ಹೋಗುವ ಮನೆಗೆ 300 ಡಾಲರ್ ಹಾಕುವುದು ಹೇಗೆ? ಗೋಡೆ ಕೊರೆಯಲು ಮಾಲೀಕನ ಒಪ್ಪಿಗೆ ಬೇಡವೇ? ಕೆಲವರಿಗೆ ವಿಷಯವೇ ಮುಟ್ಟಿರಲಿಲ್ಲ. ಇನ್ನು ಕೆಲವರಿಗೆ ಮುಟ್ಟಿತ್ತು, ಆದರೆ ಇಂತಹದೆಲ್ಲ ತಮ್ಮ ಬೀದಿಗೆ ಬರುವುದೆಂದು ನಂಬಲು ಅವರ ಹಿಂದಿನ ಅನುಭವ ಬಿಡಲಿಲ್ಲ. ನಿಜವಾಗಿಯೂ ಬೇಡವೆನಿಸಿದವರೂ ಅವರಲ್ಲಿ ಇದ್ದಿರಬೇಕು. ಇವರೆಲ್ಲರನ್ನೂ ಆ ನಕ್ಷೆ ಒಂದೇ ಬಣ್ಣದಲ್ಲಿ ತೋರಿಸಿತು: ಬೇಡಿಕೆ ಇಲ್ಲ.

ಆಮೇಲೆ ನಡೆದದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಶಿಕ್ಷಕರು, ಗ್ರಂಥಪಾಲಕರು, ಸ್ವಯಂಸೇವಕರು ಬೀದಿಗಿಳಿದು ಬಾಗಿಲು ಬಾಗಿಲು ತಟ್ಟಿದರು. ಸಂಸ್ಥೆಯೂ ತನ್ನ ಜನರನ್ನು ಹಿಂದುಳಿದ ನೆರೆಹೊರೆಗಳಿಗೆ ಕಳುಹಿಸಿತು. ಗಡುವು ಮುಗಿಯುವ ಹೊತ್ತಿಗೆ 202ರಲ್ಲಿ 180 ನೆರೆಹೊರೆಗಳು ಗುರಿ ಮುಟ್ಟಿದ್ದವು. ಕೆಲವೇ ವಾರಗಳಲ್ಲಿ ಆ ಜನರ ಅಗತ್ಯ ಬದಲಾಗಲಿಲ್ಲ, ಆದಾಯ ಬದಲಾಗಲಿಲ್ಲ. ಬದಲಾದದ್ದು ಒಂದೇ: ಯಾರೋ ಬಂದು ಅವರನ್ನು ಕೇಳಿದ್ದರು. ಬೇಡಿಕೆ ಎಂಬುದು ಮಣ್ಣಿನಡಿಯ ನೀರಿನ ಹಾಗೆ ಸುಮ್ಮನೆ ಅಲ್ಲಿರುವ ವಸ್ತುವೆಂದು ಅರ್ಥಶಾಸ್ತ್ರದ ಪಾಠದಲ್ಲಿ ನಾನೂ ಮಕ್ಕಳಿಗೆ ಹೇಳಿಕೊಟ್ಟವನೇ. ಅದು ಕೇಳುವವನ ನಡಿಗೆಯಿಂದಲೂ ಹುಟ್ಟುತ್ತದೆ ಎಂಬುದನ್ನು ಪಾಠದಲ್ಲಿ ಸೇರಿಸಿರಲಿಲ್ಲ.

ಹಾಗೆಂದು ಕ್ಯಾನ್ಸಸ್ ಸಿಟಿಯ ಕಥೆ ಸುಖಾಂತವೇನೂ ಅಲ್ಲ. ಬೀದಿಗೆ ತಂತಿ ಬಂದ ಮಾತ್ರಕ್ಕೆ ಮನೆಗೆ ಬಂದಂತಲ್ಲ. ನೋಂದಣಿ ಮಾಡಿಸಿದವರೆಲ್ಲರೂ ಮುಂದೆ ಗ್ರಾಹಕರಾಗಲಿಲ್ಲ. ಏಳು ವರ್ಷದ ಆ ಉಚಿತ ಯೋಜನೆಯನ್ನು 2016ರಲ್ಲಿ ಹೊಸಬರಿಗೆ ನಿಲ್ಲಿಸಲಾಯಿತು. ಅದೇ ವರ್ಷ ಅಲ್ಲಿನ ಕೆಲವು ಸಾರ್ವಜನಿಕ ವಸತಿ ಸಮುಚ್ಚಯಗಳಿಗೆ ಉಚಿತ ಸಂಪರ್ಕವನ್ನು ಘೋಷಿಸಿದ್ದೂ ಉಂಟು. ವರ್ಷದ ಕೊನೆಗೆ ಸಂಸ್ಥೆ ಬೇರೆ ಹಲವು ನಗರಗಳಿಗೆ ವಿಸ್ತರಿಸುವ ಯೋಜನೆಯನ್ನೇ ತಡೆಹಿಡಿಯಿತು. ಲಾಭಕ್ಕಾಗಿ ನಡೆಯುವ ಸಂಸ್ಥೆಯ ಮೇಲೆ ಇಡೀ ಊರಿನ ನ್ಯಾಯದ ಭಾರವನ್ನು ಹೊರಿಸಿದರೆ ಅದು ಎಷ್ಟು ದೂರ ಹೊತ್ತೀತು?

ಇಲ್ಲಿ ಓದುಗರಲ್ಲಿ ಕೆಲವರು ಆಕ್ಷೇಪಿಸಬಹುದು: “ಹಣ ಕೊಡದವರ ಬಾಗಿಲಿಗೆ ತಂತಿ ಎಳೆಯಬೇಕೆಂದರೆ ಹಣ ಕೊಡುವವರು ಅದರ ಬೆಲೆ ತೆರಬೇಕಲ್ಲವೇ? ಬೇಡವೆಂದವನ ಮೇಲೆ ಹೇರುವುದು ಯಾವ ನ್ಯಾಯ? ಇಂಟರ್‌ನೆಟ್‌ನಿಂದ ಹಾಳಾದ ಮನೆಗಳು ಕಡಿಮೆಯೇ?” ಆಕ್ಷೇಪದಲ್ಲಿ ಹುರುಳಿದೆ. ಮೊಬೈಲ್ ಜೂಜಿನಲ್ಲಿ ಸಂಬಳ ಕಳೆದುಕೊಂಡವರನ್ನು ನಾನೂ ಬಲ್ಲೆ. ಆದರೆ ಆ ಚಿಂತೆಯನ್ನು ನಾವು ಬಡವರ ವಿಷಯದಲ್ಲಿ ಮಾತ್ರ ನೆನೆಯುತ್ತೇವೆ. ನಮ್ಮ ಎಂಟು ಮನೆಗಳ ಸಹಿ ಕೂಡಿಸುವಾಗ ಅದು ನನಗೆ ನೆನಪಾಗಿರಲಿಲ್ಲ. ಇನ್ನು ಹೇರುವ ಮಾತು. ಬಾಗಿಲ ಮುಂದೆ ತಂತಿ ಹಾಯಿಸುವುದು ಬೇರೆ, ಮನೆಯೊಳಗೆ ನುಗ್ಗಿಸುವುದು ಬೇರೆ. ವಾಹನವಿಲ್ಲದವನ ಮನೆಯ ಮುಂದೆಯೂ ರಸ್ತೆ ಹೋಗುತ್ತದೆ. ಅವನಿಗೆ ರಸ್ತೆ ಬೇಡವೆಂದು ನಾವು ಅದನ್ನು ಅವನ ಬೇಲಿಯ ಹತ್ತಿರ ಕಡಿದು, ಆಚೆ ಮತ್ತೆ ಆರಂಭಿಸುವುದಿಲ್ಲ.

ವೆಚ್ಚದ ಪ್ರಶ್ನೆಗೆ ಉತ್ತರ ಕಷ್ಟ. ಆದರೂ ಅದೇ ಅಮೆರಿಕದ ಚಟನೂಗಾ ಎಂಬ ನಗರ ಬೇರೊಂದು ದಾರಿ ಹಿಡಿದದ್ದನ್ನು ನೋಡಬಹುದು. ಅಲ್ಲಿ ಮನೆಗಳಿಗೆ ವಿದ್ಯುತ್ ಕೊಡುವ ಸಂಸ್ಥೆ ಊರಿಗೇ ಸೇರಿದ್ದು. ವಿದ್ಯುತ್ ಜಾಲವನ್ನು ಸುಧಾರಿಸಲೆಂದು ಕೇಂದ್ರ ಸರಕಾರದಿಂದ ಸುಮಾರು 11 ಕೋಟಿ ಡಾಲರ್ ನೆರವು ಪಡೆದು, ಉಳಿದುದಕ್ಕೆ ಸಾಲ ಎತ್ತಿ, ತಾನು ವಿದ್ಯುತ್ ಕೊಡುವ ಪ್ರದೇಶದಾದ್ಯಂತ, ಬಡಾವಣೆ ಬಡಾವಣೆಯ ಸಹಿ ಕೇಳದೆ, ಫೈಬರನ್ನು ಎಳೆಯಿತು. 2010ರಲ್ಲಿ ಇಡೀ ಪ್ರದೇಶಕ್ಕೆ ಅತಿವೇಗದ ಸಂಪರ್ಕ ಒದಗಿಸಿತು. ಬೀದಿ ಬೀದಿಯಲ್ಲಿ ತಂತಿ ಮೊದಲೇ ಇದ್ದುದರಿಂದ, 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ, ಅಲ್ಲಿನ ಬಡ ಕುಟುಂಬಗಳ ಸುಮಾರು 28,000 ವಿದ್ಯಾರ್ಥಿಗಳಿಗೆ ಹತ್ತು ವರ್ಷ ಉಚಿತವಾಗಿ ಸಂಪರ್ಕ ಕೊಡುವ ಯೋಜನೆಯನ್ನು ಕೆಲವೇ ತಿಂಗಳಲ್ಲಿ ಆರಂಭಿಸಲು ಸಾಧ್ಯವಾಯಿತು. ಅಂದು ಅಗೆಯಹೊರಟಿದ್ದರೆ ಆಗುತ್ತಿರಲಿಲ್ಲ. ಆದರೆ ಆ ವಿದ್ಯುತ್ ಪ್ರದೇಶದ ಗಡಿಯಾಚೆಗಿನ ಹಳ್ಳಿಗಳಿಗೆ ತಂತಿ ದಾಟಿಸಲು ರಾಜ್ಯದ ಕಾನೂನು ಬಿಡಲಿಲ್ಲ. 2015ರಲ್ಲಿ ಕೇಂದ್ರದ ದೂರಸಂಪರ್ಕ ಆಯೋಗ ಆ ನಿರ್ಬಂಧವನ್ನು ತೆಗೆದುಹಾಕಿತು; ಮರುವರ್ಷ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಎಲ್ಲಿಯೂ ಒಂದು ಕೊನೆಯ ಮನೆ, ಅದರಾಚೆ ಒಂದು ಗೆರೆ ಇದ್ದೇ ಇರುತ್ತದೆಯೆಂದು ತೋರುತ್ತದೆ.

ನಮ್ಮ ನಾಡಿನವರಾದ ನಮಗೆ ಈ ಗೆರೆ ಅಪರಿಚಿತವೇನಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ತೊಂಬತ್ತಕ್ಕೂ ಹೆಚ್ಚು ಮೈಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಹೆಮ್ಮೆಯಿಂದ ನಾವು ಈ ವಿಷಯವನ್ನು ಶಾಲೆಯಲ್ಲಿ ಕಲಿಸುತ್ತೇವೆ. ಆ ತಂತಿಗಳ ಕೆಳಗಿದ್ದ ಹಳ್ಳಿಗಳು ಇನ್ನೂ ಹಲವು ದಶಕ ಎಣ್ಣೆಯ ದೀಪದಲ್ಲಿಯೇ ಉಳಿದವೆಂಬುದನ್ನು ಕಲಿಸುವುದಿಲ್ಲ. ಗಣಿಗೆ ‘ಬೇಡಿಕೆ’ ಇತ್ತು, ಹಳ್ಳಿಗೆ ಇರಲಿಲ್ಲ. ಮುಂದೆ ಬಡವರ ಗುಡಿಸಲಿಗೆ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದಾಗ ಯಾರೂ ಆ ಗುಡಿಸಲುಗಳ ಮುಂಗಡ ನೋಂದಣಿಗೆ ಕಾಯಲಿಲ್ಲ.

ಫೈಬರ್ ವಿಷಯದಲ್ಲಿಯೂ ದೇಶ ಸಂಪೂರ್ಣ ಕಣ್ಣುಮುಚ್ಚಿ ಕುಳಿತಿಲ್ಲ. ಎಲ್ಲ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದು ‘ಭಾರತ್‌ನೆಟ್’ ಆಯಿತು. ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ಸೇರಿವೆ. ಆದರೆ ಪಂಚಾಯಿತಿ ಕಚೇರಿಯ ಕಪಾಟಿನಲ್ಲಿ ಮಿಣುಗುವ ಹಸಿರು ದೀಪದಿಂದ ಮನೆಯ ಮೇಜಿನವರೆಗಿನ ದೂರವೇ ನಿಜವಾದ ದೂರ. ಬಯಲುಸೀಮೆಯ ಊರುಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ಒಂದು ಸುರುಳಿ ತಂತಿಯಲ್ಲಿ ಇಡೀ ಕೇರಿ ಮುಗಿಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಒಬ್ಬರ ಮನೆ ಈ ತೋಟದಲ್ಲಿ, ಇನ್ನೊಬ್ಬರದು ಹೊಳೆಯಾಚೆ. ಒಂದೇ ಮನೆಗೆ ಅರ್ಧ ಕಿಲೋಮೀಟರ್ ಎಳೆಯಬೇಕು. ಎಳೆದ ಮೇಲೂ ಜೂನ್ ತಿಂಗಳ ಮೊದಲ ಗಾಳಿಗೆ ಹಲಸಿನ ಕೊಂಬೆಯೊಂದು ಬಿದ್ದರೆ ಮುಗಿಯಿತು. ಇಂತಹ ಕಡೆ ಈ ಕೆಲಸವನ್ನು ಎಷ್ಟೋ ಕಾಲದಿಂದ ಹೊತ್ತುಕೊಂಡವರು ಊರಿನ ಕೇಬಲ್ ಟಿ.ವಿ. ನಡೆಸುವ ಸಣ್ಣ ಉದ್ಯಮಿಗಳು. ಮಳೆಯಲ್ಲಿ ಏಣಿ ಹೊತ್ತು ಕಡಿದ ಎಳೆಯನ್ನು ಬೆಸೆಯಲು ಹೋಗುವ ಆ ಹುಡುಗರ ಬಗ್ಗೆ ಯಾರೂ ಎರಡು ಒಳ್ಳೆಯ ಮಾತು ಬರೆದದ್ದನ್ನು ನಾನು ಕಾಣೆ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು, ನಿಮಗೆ ನೆನಪಿರಬಹುದು. ಸುರಿಯುವ ಮಳೆಯಲ್ಲಿ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದ ಮಗಳು, ಅವಳಿಗೆ ಕೊಡೆ ಹಿಡಿದು ನಿಂತ ತಂದೆ. ತಂದೆಯ ವಾತ್ಸಲ್ಯವನ್ನು ನಾವೆಲ್ಲರೂ ಮೆಚ್ಚಿದೆವು, ಚಿತ್ರವನ್ನು ಪರಸ್ಪರ ಕಳುಹಿಸಿಕೊಂಡೆವು. ಅವರು ಮನೆಯೊಳಗೆ ಕುಳಿತಿರಲು ಏಕೆ ಆಗಲಿಲ್ಲ ಎಂದು ಕೇಳಿದವರು ಕಡಿಮೆ. ಅದಕ್ಕೂ ಎರಡು ವರ್ಷ ಮೊದಲೇ, 2019ರ ಸೆಪ್ಟೆಂಬರ್‌ನಲ್ಲಿ, ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧದ ಪ್ರಕರಣವೊಂದರಲ್ಲಿ ಕೇರಳ ಉಚ್ಚ ನ್ಯಾಯಾಲಯವು ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತ್ತು. ಆ ರಾಜ್ಯ 2023ರಲ್ಲಿ ತನ್ನದೇ ಫೈಬರ್ ಜಾಲವನ್ನು ಉದ್ಘಾಟಿಸಿ, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿಯನ್ನೂ ಇಟ್ಟುಕೊಂಡಿತು. ಗುರಿ ಇಡುವುದು ಒಂದು, ಮುಟ್ಟುವುದು ಇನ್ನೊಂದು. ಆದರೂ ಆ ಗುರಿಯಲ್ಲಿ ಬಡ ಮನೆಯು ಲೆಕ್ಕದೊಳಗೆ ಮೊದಲೇ ಸೇರಿದೆ. ಅದು ಕೈಯೆತ್ತುವವರೆಗೆ ಕಾಯಬೇಕಿಲ್ಲ.

ಹಾಗಾದರೆ ಕಂಪನಿಯ ಆ ಯುವಕನದೇ ತಪ್ಪೇ? ಖಂಡಿತ ಅಲ್ಲ. ಅವನಿಗೆ ಎಂಟು ಹೆಸರು ಬೇಕಿತ್ತು, ಎಂಟು ಸಿಕ್ಕಿತು. ಅವನು ಮೆಟ್ಟಿಲ ಕಡೆ ನೋಡಿ ಕೇಳಿಯೂ ಇದ್ದ. ಆ ಪ್ರಶ್ನೆಗೆ ಉತ್ತರಿಸುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡೆ. ಇನ್ನೊಬ್ಬರಿಗೆ ಏನು ಬೇಕು, ಏನು ಬೇಡ ಎಂಬುದನ್ನು ಅವರ ಪರವಾಗಿ ಹೇಳಿಬಿಡುವ ಈ ಸಲೀಸು ನಮ್ಮೊಳಗೆ ಎಲ್ಲಿಂದ ಬರುತ್ತದೆ? ದ್ವೇಷದಿಂದಲ್ಲ. ಕೆಳಗಿನ ಮನೆಯವರೊಡನೆ ನಮಗೆ ಜಗಳವಿಲ್ಲ. ಹಬ್ಬಕ್ಕೆ ತಿಂಡಿ ಹೋಗುತ್ತದೆ, ಸಾವಿಗೆ ನಾವೂ ಹೋಗುತ್ತೇವೆ. ಮೂವತ್ತೆರಡು ಮೆಟ್ಟಿಲು ಇಳಿದು ಹತ್ತುವುದಕ್ಕೆ ಆ ಸಂಜೆ ನನ್ನ ಮೊಣಕಾಲು ನೋಯುತ್ತಿತ್ತು, ಮತ್ತು ಎಂಟು ಹೆಸರು ಆಗಲೇ ತುಂಬಿತ್ತು. ಅಷ್ಟೇ ಕಾರಣ. ಇಷ್ಟು ಸಣ್ಣ ಕಾರಣದಿಂದ ಒಂದು ಮನೆಯ ಹುಡುಗಿ ಅರ್ಜಿಗಾಗಿ ಇನ್ನೊಬ್ಬರ ಜಗಲಿ ಹತ್ತಬೇಕಾಗುತ್ತದೆ ಎಂಬುದೇ ನನ್ನನ್ನು ಹೆಚ್ಚು ಕಾಡುವುದು.

ಅವಳು ಬಂದುಹೋದ ವಾರ ನಾನು ಮೆಟ್ಟಿಲಿಳಿದು ಹೋದೆ. ಹೊಲಿಗೆಯವರು ಕೂಡಲೇ ಹೆಸರು ಕೊಟ್ಟರು. ತಿಂಗಳ ಬಾಡಿಗೆ ಎಷ್ಟೆಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ವಿಧವೆ ನಕ್ಕುಬಿಟ್ಟರು. “ನನಗೆ ಅದೆಲ್ಲ ಯಾಕೆ ಮಾಷ್ಟ್ರೇ, ರೇಡಿಯೋ ಉಂಟು” ಎಂದರು. ಕೇಳಿದ ಮೇಲೆ ಬಂದ ಬೇಡ ಅದು. ಅದನ್ನು ನಾನು ಗೌರವದಿಂದ ಬರೆದುಕೊಂಡೆ. ಎರಡು ದಿನ ಕಳೆದು ಅವರೇ ಕರೆದು, ದುಬೈಯಲ್ಲಿರುವ ಮಗ ಮುಖ ನೋಡಿ ಮಾತಾಡಬೇಕೆನ್ನುತ್ತಾನೆ, ನನ್ನ ಹೆಸರೂ ಇರಲಿ ಎಂದರು. ಮೂರನೆಯ ಮನೆಯ ಯಜಮಾನ, “ನಮಗೂ ಬೇಕ್ರೀ ಸರ, ಹುಡುಗರು ಸಾಲಿಗೆ ಹೋಗ್ತಾವು. ಆದ್ರ ಮನಿ ಮಾಲಕರು ಹೂಂ ಅನ್ನಬೇಕಲ್ರಿ” ಎಂದ. ಮಾಲೀಕರು ಮುಂಬೈಯಲ್ಲಿದ್ದಾರೆ.

ಮೊದಲ ಪೆಟ್ಟಿಗೆಯ ಎಂಟು ಜಾಗವೂ ನಮ್ಮಿಂದ ತುಂಬಿದೆ. ಕೆಳಗೆ ಎರಡನೆಯ ಪೆಟ್ಟಿಗೆ ಹಾಕಬೇಕಾದರೆ ಕನಿಷ್ಠ ನಾಲ್ಕು ಹೆಸರು ಬೇಕೆಂದು ಕಂಪನಿಯವರು ಹೇಳುತ್ತಾರೆ. ಕೆಳಗೆ ಇರುವುದೇ ಮೂರು ಮನೆ. ನಾಲ್ಕನೆಯದಾಗಿ ನನ್ನ ಹೆಸರನ್ನೇ ಬರೆದುಕೊಳ್ಳಿ, ಈಗಿನ ಸಂಪರ್ಕವನ್ನು ಮೇಲಿನ ಪೆಟ್ಟಿಗೆಯಿಂದ ಕೆಳಗಿನದಕ್ಕೆ ಬದಲಿಸಿ ಎಂದು ಹೇಳಿ ನೋಡಿದೆ. ಅದು ನಿಯಮದಲ್ಲಿ ಇಲ್ಲವಂತೆ. ಮೇಲಿನವರಲ್ಲಿ ವಿಚಾರಿಸಿ ತಿಳಿಸುತ್ತೇವೆ ಎಂದಿದ್ದಾರೆ. ಮುಂಬೈಯ ನಂಬರಿಗೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೇನೆ. ಹುಡುಗಿ ಈಗ ಪದವಿ ಓದುತ್ತಿದ್ದಾಳೆ. ಪರೀಕ್ಷೆಯ ದಿನಗಳಲ್ಲಿ ನಮ್ಮ ಜಗಲಿಯ ದೀಪ ಹನ್ನೊಂದು ಗಂಟೆಯವರೆಗೂ ಉರಿಯುತ್ತದೆ.